ನಿಮ್ಮ ಓಣಿಯ ನಕ್ಷೆ ನೀವೇ ಬರೆಯಿರಿ

ಬಾಗಲಕೋಟೆಯ ನವನಗರದಲ್ಲಿ ಹೊಸಬರಿಗೆ ಮನೆ ಹುಡುಕೋದು ಕಷ್ಟ. ಸೆಕ್ಟರ್ ನಂಬರ್ ಇದೆ, ರಸ್ತೆ ನೇರವಾಗಿವೆ, ಆದರೆ ಒಂದು ತಿರುವು ಇನ್ನೊಂದರ ಹಾಗೇ ಕಾಣುತ್ತದೆ. ನಮ್ಮ ಮನೆಯ ವಾಸ್ತುಶಾಂತಿಗೆ ಕರೆಯೋಲೆಯ ಹಿಂದೆ ನಾನೇ ಒಂದು ನಕ್ಷೆ ಬರೆದಿದ್ದೆ, ಓಣಿಯ ಪ್ರತಿ ಮನೆ, ಪ್ರತಿ ಗಿಡ, ಪ್ರತಿ ಕಂಬ ಅದರಲ್ಲಿತ್ತು. ಇಳಕಲ್‌ನಿಂದ ಬಂದ ಸೋದರಮಾವ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮೂರು ಸುತ್ತು ಹೊಡೆದು ಫೋನ್ ಮಾಡಿದರು. "ಎಲ್ಲಾ ಬರದೀಯಪ್ಪಾ, ನಾ ಎಲ್ಲಿ ಹೊಳ್ಳಬೇಕು ಅನ್ನೋದಷ್ಟ ತಿಳೀವಲ್ದು" ಅಂದರು.

ಅವರ ಮಾತು ಸರಿ ಇತ್ತು. ನಕ್ಷೆ ಅಂದರೆ ಏನು ಬಿಡಬೇಕು ಅಂತ ತೀರ್ಮಾನ ಮಾಡುವ ಕೆಲಸ. ಹಾಗಾಗಿ ಪೆನ್ಸಿಲ್ ಹಿಡಿಯುವ ಮೊದಲು ಇದು ಯಾರಿಗೆ ಅಂತ ಕೇಳಿಕೊಳ್ಳಿ. ದಾರಿ ಹುಡುಕುವವರಿಗೆ ತಿರುವು, ಗುಡಿ, ನೀರಿನ ಟಾಕಿ ಸಾಕು. ನಲ್ಲಿ ಪೈಪು ಹಾಕುವವರಿಗೆ ಗುಡಿಗಿಂತ ರಸ್ತೆಯ ಅಗಲ, ಇಳಿಜಾರು ಮುಖ್ಯ. ಎರಡನ್ನೂ ಒಂದೇ ಹಾಳೆಗೆ ತುರುಕಿದರೆ ಇಬ್ಬರಿಗೂ ಉಪಯೋಗವಿಲ್ಲ.

ಇನ್ನು ಅಳತೆ. ಗೌಂಡಿಯವರ ಹತ್ತಿರ ಇರುವ 30 ಮೀಟರ್ ಟೇಪ್ ಒಂದು ಗಳಿಗೆ ಕೇಳಿ ತಂದು, ನೆಲದ ಮೇಲೆ 60 ಮೀಟರ್ ಗುರುತು ಮಾಡಿ. ಸುಮ್ನೆ ರೋಜು ನಡೆಯುವ ಹಾಗೇ ನಡೆದು ಹೆಜ್ಜೆ ಎಣಿಸಿ. 84 ಹೆಜ್ಜೆ ಬಂದರೆ ನಿಮ್ಮ ಒಂದು ಹೆಜ್ಜೆ ಸುಮಾರು 71 ಸೆಂ.ಮೀ. ಆಮೇಲೆ ಟೇಪ್ ಬೇಡ, ಕಾಲೇ ಟೇಪ್. 600 ಮೀಟರ್ ಉದ್ದ, 400 ಮೀಟರ್ ಅಗಲದ ಜಾಗವನ್ನು ಎ4 ಹಾಳೆಯಲ್ಲಿ ಕೂರಿಸಬೇಕಾದರೆ 1 ಸೆಂ.ಮೀ.ಗೆ 25 ಮೀಟರ್ ಇಟ್ಟುಕೊಳ್ಳಿ, ಚಿತ್ರ 24 ಮತ್ತು 16 ಸೆಂ.ಮೀ. ಆಗುತ್ತದೆ, ಅಂಚಿಗೂ ಜಾಗ ಉಳಿಯುತ್ತದೆ. ಆದರೆ '1 ಸೆಂ.ಮೀ.ಗೆ 25 ಮೀಟರ್' ಅಂತ ಬರೆದು ಬಿಟ್ಟರೆ ಸಾಲದು. ಅದನ್ನೇ ಫೋಟೋ ಹೊಡೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಗಾತ್ರ ಬದಲಾಗಿ ಆ ಮಾತು ಸುಳ್ಳಾಗುತ್ತದೆ. ಕೆಳಗೆ 4 ಸೆಂ.ಮೀ. ಗೆರೆ ಎಳೆದು '100 ಮೀಟರ್' ಅಂತ ಬರೆಯಿರಿ. ಚಿತ್ರದ ಜೊತೆ ಗೆರೆಯೂ ಕುಗ್ಗುತ್ತದೆ, ಹಿಗ್ಗುತ್ತದೆ.

ದಿಕ್ಕಿಗೆ ಮೊಬೈಲ್ ದಿಕ್ಸೂಚಿ ನಡೆಯುತ್ತದೆ, ಆದರೆ ಕಬ್ಬಿಣದ ಗೇಟಿನ ಹತ್ತಿರ ಅದನ್ನು ನಂಬಬೇಡಿ. ನನಗೆ ಕೋಲಿನ ನೆರಳೇ ಜಾಸ್ತಿ ಇಷ್ಟ. ಒಂದು ಕೋಲು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಗೆ ಕಲ್ಲಿಡಿ. ಅರ್ಧ ತಾಸು ಬಿಟ್ಟು ಇನ್ನೊಂದು ಕಲ್ಲಿಡಿ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಮಧ್ಯಾಹ್ನದ ಆಸುಪಾಸಿನಲ್ಲಿ ಮಾಡಿದರೆ ಎರಡೂ ಕಲ್ಲು ಕೂಡಿಸುವ ಗೆರೆ ಹೆಚ್ಚು ಸರಿಯಾಗಿ ಬರುತ್ತದೆ. ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೇ ಬೀಳುತ್ತದೆ ಅಂತ ಮಾತ್ರ ತಿಳಿಯಬೇಡಿ. ನಮ್ಮ ಕಡೆ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ.

ರಸ್ತೆಯಿಂದ ದೂರದ ಜಾಗ ಹಾಳೆಯಲ್ಲಿ ಎಲ್ಲಿ ಬರುತ್ತದೆ ಅಂತ ತಿಳಿಯದಿದ್ದರೆ ತ್ರಿಕೋನ ಹಾಕಿ. ಎರಡು ಕಂಬಗಳ ನಡುವೆ 100 ಮೀಟರ್ ಇದೆ ಅನ್ನಿ, ಹಾಳೆಯಲ್ಲಿ ಅದು 4 ಸೆಂ.ಮೀ. ಟಾಕಿ ಒಂದು ಕಂಬದಿಂದ 80 ಮೀಟರ್, ಇನ್ನೊಂದರಿಂದ 60 ಮೀಟರ್ ಇದ್ದರೆ, ಕೈವಾರದಲ್ಲಿ 3.2 ಮತ್ತು 2.4 ಸೆಂ.ಮೀ. ಕಂಸ ಎಳೆಯಿರಿ. ಅವು ಕೂಡುವಲ್ಲಿ ಟಾಕಿ. ಎರಡು ಕಡೆ ಕೂಡುತ್ತವೆ, ಗೆರೆಯ ಯಾವ ಮಗ್ಗುಲು ಅಂತ ನೋಡಿಕೊಳ್ಳಿ. ನಡುವೆ ಕಾಂಪೌಂಡ್, ಹಳ್ಳ ಇದ್ದು ದೂರ ಅಳೆಯೋಕೇ ಆಗಲಿಲ್ಲವೇ? ಎರಡೂ ಕಂಬದ ಹತ್ತಿರ ನಿಂತು, ಕಂಬಗಳ ನಡುವಿನ ಗೆರೆಗೂ ಟಾಕಿಯ ದಿಕ್ಕಿಗೂ ಇರುವ ಕೋನ ಅಳೆದರೂ ಸಾಕು, ಹಾಳೆಯಲ್ಲಿ ಅದೇ ಕೋನದ ಗೆರೆಗಳು ಕೂಡುವಲ್ಲಿ ಟಾಕಿ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ವಿಲಿಯಂ ಲ್ಯಾಂಬ್ಟನ್ ಏಳೂವರೆ ಮೈಲಿಯ ಗೆರೆಯೊಂದನ್ನು ಅಳೆದು, ಅಲ್ಲಿಂದ ಇಡೀ ದೇಶದ ಸರ್ವೆ ಶುರುಮಾಡಿದ್ದು ಇದೇ ರೀತಿ, ಕೋನಗಳಿಂದ.

ಎತ್ತರ ತೋರಿಸುವ ಗೆರೆ ಶಾಲೆಯಲ್ಲಿ ನನಗೆ ತಿಳಿದೇ ಇರಲಿಲ್ಲ. ಹಿನ್ನೀರು ನೋಡಿದ ಮೇಲೆ ತಿಳಿಯಿತು. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ತುಂಬಿದಾಗ ಹಳೇ ಬಾಗಲಕೋಟೆಯ ಮಗ್ಗುಲಿಗೆ ನೀರು ಬಂದು ನಿಲ್ಲುತ್ತದಲ್ಲ, ಆ ಅಂಚು ತಗ್ಗಿನಲ್ಲಿ ಒಳಗೆ ನುಗ್ಗಿ, ದಿನ್ನೆ ಬಂದಲ್ಲಿ ಸುತ್ತಿ ಹೋಗುತ್ತದೆ. ಅದೇ ಸಮೋನ್ನತ ರೇಖೆ, ನೀರೇ ಎಳೆದದ್ದು. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಬಂದ ಹಾಗೆ ಕೆಳಗಿನ ಗೆರೆಗಳು ಒಂದೊಂದಾಗಿ ಮೂಡುತ್ತವೆ. ಗೆರೆಗಳು ಒತ್ತೊತ್ತಾಗಿದ್ದರೆ ಇಳಿಜಾರು ಜಾಸ್ತಿ, ದೂರ ದೂರ ಇದ್ದರೆ ಸಪಾಟು.

ನೀರಿಗೆ ನೀಲಿ, ಗಿಡಕ್ಕೆ ಹಸಿರು ಹಚ್ಚಿ, ಗುರುತುಗಳ ಅರ್ಥ ಮೂಲೆಯಲ್ಲಿ ಬರೆಯಿರಿ. ತಾರೀಖು ಮರೆಯಬೇಡಿ. ನಮ್ಮೂರಲ್ಲಿ ಓಣಿ ಓಣಿಗಳೇ ನೀರಿಗೆ ಹೋಗಿವೆ, ತಾರೀಖಿಲ್ಲದ ಹಳೇ ನಕ್ಷೆ ಯಾವ ಕಾಲದ ಊರು ತೋರಿಸುತ್ತಿದೆ ಅಂತ ಹೇಗೆ ಗೊತ್ತಾಗಬೇಕು?

ಕೊನೆಗೆ ನಿಮ್ಮ ಓಣಿ ನೋಡದ ಒಬ್ಬರ ಕೈಗೆ ಅದನ್ನು ಕೊಟ್ಟು, ಏನೂ ಹೇಳದೆ ಹಿಂದೆ ನಡೆಯಿರಿ. ಅವರು ಎಲ್ಲಿ ನಿಂತು ಆಚೀಚೆ ನೋಡುತ್ತಾರೋ ಅಲ್ಲಿ ಒಂದು ಗುರುತು ಕಡಿಮೆಯಿದೆ. ನನ್ನದರಲ್ಲಿ ಅದು ಹಿಟ್ಟಿನ ಗಿರಣಿಯ ತಿರುವು.