ಬುಗುರಿ ಸತ್ತ ಮೇಲೆ ಮಕ್ಕಳೊಂದಿಗೆ ಕಳೆದ ದಿನಗಳು

ನಮ್ಮ ಮನೆಯ ಹ್ಯಾಮ್‌ಸ್ಟರ್‌ಗೆ ಬುಗುರಿ ಎಂದು ಹೆಸರಿಟ್ಟವಳು ಮಗಳು. ಪಂಜರದೊಳಗಿನ ಚಕ್ರದಲ್ಲಿ ಅದು ರಾತ್ರಿಯೆಲ್ಲ ಗಿರಗಿರನೆ ಸುತ್ತುತ್ತಿದ್ದುದನ್ನು ನೋಡಿ ಆ ಹೆಸರು ಅವಳಿಗೆ ತಾನಾಗಿ ಹೊಳೆದಿತ್ತು. ಅದು ಸತ್ತಾಗ ಅವಳಿಗೆ 9 ವರ್ಷ, ಮಗನಿಗೆ 5. ಹ್ಯಾಮ್‌ಸ್ಟರ್‌ಗಳ ಆಯಸ್ಸು ಸಾಮಾನ್ಯವಾಗಿ 2ರಿಂದ 3 ವರ್ಷ. ಬುಗುರಿಗೆ 2 ವರ್ಷ ತುಂಬಿ ಎರಡು ತಿಂಗಳು ಕಳೆದಿದ್ದವು. ಈ ಲೆಕ್ಕ ನನಗೆ ಗೊತ್ತಿದ್ದರೂ ಮಕ್ಕಳಿಗೆ ಹೇಳಿರಲಿಲ್ಲ. ಅದನ್ನು ಮನೆಗೆ ತಂದ ದಿನವೇ, ಅದಕ್ಕೆ ಏನು ತಿನ್ನಿಸಬೇಕು, ಹೇಗೆ ಎತ್ತಿಕೊಳ್ಳಬೇಕು ಎಂದು ಕಲಿಸುವಾಗಲೇ, ಅದು ಎಷ್ಟು ವರ್ಷ ನಮ್ಮೊಂದಿಗೆ ಇರಬಹುದು ಎಂಬುದನ್ನೂ ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಬೆಳಿಗ್ಗೆ ನೀರಿನ ಬಾಟಲಿಯನ್ನು ತೊಳೆಯಲೆಂದು ಹೋದಾಗ ಬುಗುರಿ ಮೂಲೆಯಲ್ಲಿ ಮುದುರಿಕೊಂಡು ಬಿದ್ದಿತ್ತು. ಮಕ್ಕಳನ್ನು ಕರೆಯುವ ಮೊದಲು ನಾನು ಒಂದು ವಿಷಯವನ್ನು ಖಚಿತಪಡಿಸಿಕೊಂಡೆ. ತುಂಬಾ ಚಳಿಯಾದಾಗ ಹ್ಯಾಮ್‌ಸ್ಟರ್‌ಗಳು ಒಂದು ಬಗೆಯ ಜಡಸ್ಥಿತಿಗೆ ಹೋಗುವುದುಂಟು. ಆಗ ಮೈ ತಣ್ಣಗಾಗಿ, ಉಸಿರಾಟ ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ಬದುಕಿರುವ ಪ್ರಾಣಿಯನ್ನೇ ಸತ್ತಿದೆಯೆಂದು ತಿಳಿದುಬಿಡುವ ಸಾಧ್ಯತೆಯಿದೆ. ಹಾಗಾಗಿ ಅದನ್ನು ಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಅಂಗೈಯ ಬಿಸಿಯಲ್ಲಿ ಹಿಡಿದು ಕುಳಿತೆ. ಕಾಲುಗಳು ಸೆಟೆದುಕೊಂಡೇ ಇದ್ದವು, ಮೀಸೆಯ ಒಂದು ಕೂದಲೂ ಅಲುಗಲಿಲ್ಲ. ಸತ್ತಿದೆ ಎಂದು ಮಗುವಿಗೆ ಒಮ್ಮೆ ಹೇಳಿದ ಮೇಲೆ ಆ ಮಾತು ಬದಲಾಗಬಾರದು ಎಂಬ ಕಾರಣಕ್ಕೆ ನನಗೆ ಆ ಅರ್ಧ ಗಂಟೆ ಬೇಕಿತ್ತು.

ಹೇಗೆ ಹೇಳಬೇಕು ಎಂಬುದನ್ನು ನಾನು ಹಿಂದಿನ ವರ್ಷ ಮಾಡಿದ ತಪ್ಪಿನಿಂದ ಕಲಿತಿದ್ದೆ. ಗೂಡಿನಿಂದ ಬಿದ್ದ ಹಕ್ಕಿಮರಿಯೊಂದು ನಮ್ಮ ಕಣ್ಣೆದುರೇ ಸತ್ತಾಗ, ಮಗನಿಗೆ ನೋವಾಗದಿರಲಿ ಎಂದು "ಮರಿ ಮಲಗಿಬಿಟ್ಟಿದೆ ಕಂದಾ" ಎಂದಿದ್ದೆ. ಅದಾದ ಮೇಲೆ ಸುಮಾರು ಒಂದು ವಾರ ಅವನು ರಾತ್ರಿ ಕಣ್ಣು ಮುಚ್ಚಲು ಹೆದರುತ್ತಿದ್ದ. ಮಧ್ಯಾಹ್ನ ತಾತ ಸ್ವಲ್ಪ ಅಡ್ಡಾದರೂ ಸಾಕು, ಓಡಿಹೋಗಿ ಭುಜ ಅಲುಗಾಡಿಸಿ ಎಬ್ಬಿಸುತ್ತಿದ್ದ. ಕಾರಣ ಏನೆಂದು ನನಗೆ ಹೊಳೆಯಲು ಅಷ್ಟೂ ದಿನ ಬೇಕಾದವು.

ಸಾವಿಗೆ ನಮ್ಮ ಮಾತಿನಲ್ಲಿ ಮೆತ್ತನೆಯ ಪದಗಳು ಬಹಳ ಇವೆ: ಹೋಗಿಬಿಟ್ಟರು, ತೀರಿಕೊಂಡರು, ಇನ್ನಿಲ್ಲ. ದೊಡ್ಡವರ ನಡುವೆ ಅವು ಗೌರವದ ಮಾತುಗಳು, ಅವುಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಹೊರಡುವಾಗ 'ಹೋಗ್ತೀನಿ' ಎನ್ನಬಾರದು, 'ಹೋಗಿ ಬರ್ತೀನಿ' ಎನ್ನಬೇಕು ಎಂದು ನಾವೇ ಕಲಿಸಿದ ಮಗುವಿಗೆ, 'ಬುಗುರಿ ಹೋಯಿತು' ಎಂದರೆ ಅದು ಬರುತ್ತದೆ ಎಂದೇ ಅರ್ಥ. ಆದ್ದರಿಂದ ಇಬ್ಬರನ್ನೂ ನೆಲದ ಮೇಲೆ ನನ್ನ ಎದುರು ಕೂರಿಸಿಕೊಂಡು ಹೀಗೆ ಹೇಳಿದೆ: "ಒಂದು ಬೇಜಾರಿನ ವಿಷಯ ಹೇಳಬೇಕು. ಬುಗುರಿ ಸತ್ತುಹೋಗಿದೆ. ಅದರ ಮೈ ಕೆಲಸ ಮಾಡೋದು ನಿಂತುಹೋಗಿದೆ. ಇನ್ನು ಉಸಿರಾಡಲ್ಲ, ತಿನ್ನಲ್ಲ, ಓಡಲ್ಲ, ಅದಕ್ಕೆ ನೋವೂ ಆಗಲ್ಲ. ಮತ್ತೆ ಎದ್ದೇಳಲ್ಲ." ಅಷ್ಟು ಹೇಳಿ ಸುಮ್ಮನಾದೆ. ಆ ಮೌನವನ್ನು ಸಮಾಧಾನದ ಮಾತುಗಳಿಂದ ತುಂಬಬಾರದು ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ.

ಮಗಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗ ಎರಡು ನಿಮಿಷ ಅತ್ತು, "ನಾನೀಗ ಆಡೋಕೆ ಹೋಗ್ಲಾ?" ಎಂದು ಕೇಳಿದ. ಹೋಗು ಎಂದೆ. ಚಿಕ್ಕ ಮಕ್ಕಳ ದುಃಖ ಬಿಟ್ಟು ಬಿಟ್ಟು ಬರುತ್ತದೆ. ಒಂದು ಗಳಿಗೆ ಅಳು, ಮರುಗಳಿಗೆ ಆಟ, ಮತ್ತೆ ರಾತ್ರಿ ಹಲ್ಲುಜ್ಜುವಾಗ ಇದ್ದಕ್ಕಿದ್ದಂತೆ ಅಳು. ಅದನ್ನು ಕಲ್ಲುಮನಸ್ಸು ಎಂದು ತಿಳಿಯುವುದು ಮಗುವಿಗೆ ಮಾಡುವ ಅನ್ಯಾಯ.

ಸತ್ತ ದೇಹವನ್ನು ನೋಡುವುದೋ ಬೇಡವೋ ಎಂಬುದನ್ನು ಅವರಿಗೇ ಬಿಟ್ಟೆ. ಮಗಳು ಬೇಡವೆಂದಳು, ನಾನು ಬಲವಂತ ಮಾಡಲಿಲ್ಲ. ಮಗ ನೋಡಬೇಕೆಂದ. ಹೇಗೆ ಕಾಣುತ್ತದೆ ಎಂಬುದನ್ನು ಮೊದಲೇ ವಿವರಿಸಿದೆ: ಮೈ ತಣ್ಣಗೆ, ಗಟ್ಟಿಯಾಗಿ ಇರುತ್ತದೆ, ಕಣ್ಣು ಅರ್ಧ ತೆರೆದಿದೆ ಎಂದು. ಅವನು ತೋರುಬೆರಳಿನಿಂದ ಅದರ ಬೆನ್ನನ್ನು ಒಮ್ಮೆ ಸವರಿದ. ಬಳಿಕ ಮುಖದ ಹತ್ತಿರ ಬಾಗಿ, "ಅಮ್ಮಾ, ಕೆನ್ನೆಯಲ್ಲಿ ಇನ್ನೂ ಬೀಜ ಇದೆ" ಎಂದ. ನಿಜವಾಗಿಯೂ ಎಡಗೆನ್ನೆಯ ಚೀಲ ಉಬ್ಬಿಕೊಂಡಿತ್ತು. ಆಮೇಲೆ ತಿನ್ನಲೆಂದು ರಾತ್ರಿ ಸೂರ್ಯಕಾಂತಿ ಬೀಜಗಳನ್ನು ಅಲ್ಲಿ ತುಂಬಿಕೊಂಡಿತ್ತು. ನನಗೆ ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಅವನೆದುರೇ ಅತ್ತೆ, ನನಗೂ ಬೇಜಾರಾಗಿದೆ ಎಂದು ಹೇಳಿದೆ. ನಂತರ ಇಬ್ಬರೂ ಸೋಪು ಹಚ್ಚಿ ಕೈ ತೊಳೆದುಕೊಂಡೆವು, ಏಕೆಂದರೆ ಇಂಥ ಪ್ರಾಣಿಗಳಿಂದ ಕೆಲವು ರೋಗಾಣುಗಳು ಮನುಷ್ಯರಿಗೆ ಹರಡಬಲ್ಲವು.

ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬೇರೆ ಪ್ರಾಣಿಗಳು ಕೆದಕದಂತೆ ಸುಮಾರು ಎರಡು ಅಡಿ ಆಳದಲ್ಲಿ ಹೂತೆವು. ಪ್ಲಾಸ್ಟಿಕ್ ಬಳಸಲಿಲ್ಲ. ಮಗಳು ಕೊನೆಯ ಗಳಿಗೆಯಲ್ಲಿ ಹೊರಗೆ ಬಂದು, ನಾಲ್ಕಾಗಿ ಮಡಿಚಿದ ಚೀಟಿಯೊಂದನ್ನು ಪೆಟ್ಟಿಗೆಯ ಮೇಲಿಟ್ಟಳು. ಅದರಲ್ಲಿ ಏನು ಬರೆದಿದ್ದಳೆಂದು ನಾನು ಕೇಳಲಿಲ್ಲ.

ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಮಗನ ಪ್ರಶ್ನೆಗಳು ದಿನವೂ ಬರುತ್ತಿದ್ದವು: "ಮಣ್ಣೊಳಗೆ ಅದಕ್ಕೆ ಚಳಿ ಆಗಲ್ವಾ?" "ನನ್ನ ಹುಟ್ಟುಹಬ್ಬಕ್ಕೆ ಬರುತ್ತಾ?" "ನೀನೂ ಸಾಯ್ತೀಯಾ?" ಮಕ್ಕಳು ಸಾವನ್ನು ಹೇಗೆ ತಿಳಿಯುತ್ತಾರೆ ಎಂಬುದರ ಬಗ್ಗೆ ಆ ದಿನಗಳಲ್ಲಿ ಓದಿದ್ದು ನನಗೆ ಬಹಳ ನೆರವಾಯಿತು. ಹಂಗೇರಿಯ ಮರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 5 ವರ್ಷದೊಳಗಿನ ಮಕ್ಕಳು ಸಾವನ್ನು ಪ್ರಯಾಣ ಅಥವಾ ನಿದ್ದೆಯಂತೆ, ಮರಳಿ ಬರಬಹುದಾದ ಸ್ಥಿತಿಯೆಂದು ಭಾವಿಸುತ್ತಾರೆ. 1984ರಲ್ಲಿ ಸ್ಪೀಸ್ ಮತ್ತು ಬ್ರೆಂಟ್ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಮಗು ಗ್ರಹಿಸಬೇಕಾದ ಅಂಶಗಳು ಮೂರು ಎಂದರು: ಸತ್ತದ್ದು ಮರಳಿ ಬರುವುದಿಲ್ಲ, ಸತ್ತ ದೇಹ ಏನನ್ನೂ ಮಾಡುವುದಿಲ್ಲ, ಬದುಕಿರುವ ಎಲ್ಲವೂ ಒಂದು ದಿನ ಸಾಯುತ್ತದೆ. ಹೆಚ್ಚಿನ ಮಕ್ಕಳಲ್ಲಿ ಈ ತಿಳಿವಳಿಕೆ ಮೂಡುವುದು 5ರಿಂದ 7ನೆಯ ವರ್ಷದ ನಡುವೆ. ಮಗನ ಮೂರು ಪ್ರಶ್ನೆಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದಾಗ, ಅವನು ಒಂದೊಂದನ್ನೂ ತಾನೇ ತಡವಿ ನೋಡುತ್ತಿದ್ದಾನೆ ಎಂದು ಅರ್ಥವಾಯಿತು. ಕೇಳಿದ್ದನ್ನೇ ಕೇಳಿದಾಗ ಬೇಸರಿಸದೆ, ಪ್ರತಿ ಸಲವೂ ಅದೇ ಪದಗಳಲ್ಲಿ ಉತ್ತರಿಸಿದೆ. ನನ್ನ ಸಾವಿನ ಪ್ರಶ್ನೆಗೆ, "ಎಲ್ಲರೂ ಒಂದು ದಿನ ಸಾಯ್ತಾರೆ, ನಾನು ತುಂಬಾ ವರ್ಷ ಇರ್ತೀನಿ ಅಂದ್ಕೊಂಡಿದೀನಿ, ನಿನ್ನ ನೋಡ್ಕೊಳ್ಳೋಕೆ ಯಾವಾಗಲೂ ದೊಡ್ಡವರು ಇರ್ತಾರೆ" ಎಂದೆ. ಅವನಿಗೆ ಬೇಕಾಗಿದ್ದದ್ದು ಆ ಕೊನೆಯ ಮಾತು.

ಮಗಳ ವಿಷಯ ಬೇರೆಯಾಗಿತ್ತು. ಅವಳು ಏನನ್ನೂ ಕೇಳಲಿಲ್ಲ. ಬುಗುರಿಯ ಚಕ್ರದ ಸದ್ದಿಲ್ಲದೆ ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿದಳು, ಅದಕ್ಕೆ ನಾನು ರಾತ್ರಿ ಅವಳ ಪಕ್ಕದಲ್ಲೇ ಮಲಗತೊಡಗಿದೆ. ನಾಲ್ಕನೆಯ ರಾತ್ರಿ, ದೀಪ ಆರಿಸಿದ ಮೇಲೆ, ಗೋಡೆಯ ಕಡೆ ಮುಖ ಮಾಡಿಕೊಂಡು, "ನಾನೇ ಅಮ್ಮ ಸಾಯಿಸಿದ್ದು" ಎಂದಳು. ಹಿಂದಿನ ಸಂಜೆ ನೀರು ತುಂಬಿಸುವ ಸರದಿ ಅವಳದಾಗಿತ್ತು, ಅವಳು ಮರೆತಿದ್ದಳು. ಛೇ, ಹಾಗೆಲ್ಲ ಏನೂ ಇಲ್ಲ ಎಂದು ಥಟ್ಟನೆ ಹೇಳಿಬಿಡುವುದು ಸುಲಭವಿತ್ತು, ಆದರೆ ಹಾಗೆ ಹೇಳಿದ್ದರೆ ಅವಳು ಆ ಭಾರವನ್ನು ಹೊತ್ತುಕೊಂಡು ಇನ್ನಷ್ಟು ಒಳಗೆ ಹೋಗುತ್ತಿದ್ದಳು. ದೀಪ ಹಚ್ಚಿ ಎದ್ದು ಕುಳಿತು, ಆ ಸಂಜೆ ನಡೆದದ್ದನ್ನೆಲ್ಲ ಅವಳ ಬಾಯಲ್ಲೇ ಮೊದಲಿನಿಂದ ಹೇಳಿಸಿದೆ. ಆಮೇಲೆ ನನಗೆ ಗೊತ್ತಿದ್ದುದನ್ನು ಹೇಳಿದೆ: ರಾತ್ರಿ ಒಂಬತ್ತಕ್ಕೆ ನಾನು ಬಾಟಲಿ ತುಂಬಿಸಿದ್ದು, ಅದು ಬಂದು ಕುಡಿದದ್ದನ್ನು ನೋಡಿದ್ದು, ಅದರ ಹೊಟ್ಟೆಯಲ್ಲಿ ಗಡ್ಡೆಯಿದೆಯೆಂದು ಪಶುವೈದ್ಯರು ಮೂರು ವಾರ ಮೊದಲೇ ತಿಳಿಸಿದ್ದು. "ನೀರು ಹಾಕೋದು ಮರೆತದ್ದು ನಿಜ. ಅದರಿಂದ ಬುಗುರಿ ಸತ್ತದ್ದಲ್ಲ, ಅದೂ ನಿಜ" ಎಂದೆ. ಗಡ್ಡೆಯ ವಿಷಯವನ್ನು ಮುಚ್ಚಿಟ್ಟದ್ದಕ್ಕೆ ಅವಳ ಕ್ಷಮೆ ಕೇಳಿದೆ. ಆಮೇಲೆಯೇ ಅವಳು ನನ್ನ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮೌನವಾಗಿರುವ ಮಗುವಿನ ಮೌನದ ಕೆಳಗೆ ಹೆಚ್ಚಾಗಿ ಇಂಥದ್ದೇ ಒಂದು 'ನಾನೇ' ಕೂತಿರುತ್ತದೆ ಎಂದು ನಾನು ಅಂದಿನಿಂದ ನಂಬಿದ್ದೇನೆ.

ತರಗತಿಯ ಶಿಕ್ಷಕಿಗೆ ವಿಷಯ ತಿಳಿಸಿದೆ. ವಾರಗಳು ಕಳೆದರೂ ನಿದ್ದೆ, ಊಟ, ಶಾಲೆ ಸರಿಹೋಗದಿದ್ದರೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಬೇಕೆಂದು ನಿರ್ಧರಿಸಿದ್ದೆವು, ಅದರ ಅಗತ್ಯ ಬೀಳಲಿಲ್ಲ. ಇನ್ನೊಂದು ಹ್ಯಾಮ್‌ಸ್ಟರ್ ತಂದುಬಿಡೋಣ ಎಂದು ನನ್ನ ಪತಿ ಎರಡನೆಯ ದಿನವೇ ಹೇಳಿದಾಗ ನಾನು ಒಪ್ಪಲಿಲ್ಲ. ಒಡೆದ ಲೋಟಕ್ಕೆ ಬದಲು ಲೋಟ ತಂದಂತೆ ಅದನ್ನು ತಂದರೆ, ಬುಗುರಿಗಾಗಿ ಅತ್ತದ್ದೇ ಹೆಚ್ಚಾಯಿತು ಎಂದು ಮಕ್ಕಳಿಗೆ ಅನ್ನಿಸುತ್ತಿತ್ತು. ಪಂಜರವನ್ನು ಅಲ್ಲೇ ಇಟ್ಟಿದ್ದೆವು. ಸುಮಾರು ಒಂದೂವರೆ ತಿಂಗಳ ಬಳಿಕ ಮಗಳು ತಾನಾಗಿ ಅದನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಸೇರಿಸಿದಳು, ಚಕ್ರವನ್ನು ಮಾತ್ರ ತನ್ನ ಮೇಜಿನ ಮೇಲೆ ಇಟ್ಟುಕೊಂಡಳು.

ಮೊನ್ನೆ ಆಡಲು ಬಂದ ಗೆಳೆಯನೊಬ್ಬ ಆ ಚಕ್ರ ಯಾವುದರದೆಂದು ಕೇಳಿದ. ಮಗ ಅದನ್ನು ಬೆರಳಿನಿಂದ ತಿರುಗಿಸುತ್ತಾ, "ನಮ್ಮ ಬುಗುರಿದು. ಅದು ಸತ್ತುಹೋಯ್ತು, ಮತ್ತೆ ಬರಲ್ಲ. ಅದರ ಕೆನ್ನೆಯಲ್ಲಿ ಬೀಜ ಇತ್ತು" ಎಂದ.