ಮಿಕಾನಿಯಾ ಬಳ್ಳಿ: ಮೊದಲು ಕತ್ತಿ, ಆಮೇಲೆ ಔಷಧಿ

ಮಳೆಗಾಲದಲ್ಲಿ ಬೇಲಿ, ಪಾಳುನೆಲ, ಮರಗಳ ಮೇಲೆ ಹಸಿರು ಕಂಬಳಿ ಹೊದೆಸಿದಂತೆ ಹಬ್ಬುವ ಮಿಕಾನಿಯಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಳ್ಳಿ. ಗೆಣ್ಣಿಗೆ ಎರಡರಂತೆ ಎದುರುಬದುರು ಹೃದಯದಾಕಾರದ ಎಲೆಗಳು, ಮಳೆ ಹಿಂದೆ ಸರಿದ ಮೇಲೆ ಬಿಳಿ ಹೂವಿನ ಗೊಂಚಲು. ನೆಲದಲ್ಲಿ ಹರಿದ ಒಂದು ಎಳೆಯನ್ನು ಮೆಲ್ಲಗೆ ಎತ್ತಿ ನೋಡಿ: ಮಣ್ಣು ತಾಗಿದ ಗೆಣ್ಣುಗಳಲ್ಲೆಲ್ಲ ಬೇರು ಇಳಿದಿರುತ್ತದೆ. ಕಳೆ ಕತ್ತರಿಸುವ ಯಂತ್ರ ಹಾಯಿಸಿದರೆ ತುಂಡು ತುಂಡೂ ಹೊಸ ಬಳ್ಳಿಯಾಗುವುದು ಇದರಿಂದಲೇ.

ಮರ ಹತ್ತಿದ ಬಳ್ಳಿಗೆ ಕೆಳಗಿನಿಂದ ಔಷಧಿ ಹಾರಿಸುವುದು ದೊಡ್ಡ ತಪ್ಪು. ಮರಕ್ಕೆ ಪೆಟ್ಟು, ಬೇರಿಗೆ ಏನೂ ಇಲ್ಲ. ಆಗಸ್ಟ್ ಕೊನೆಯಲ್ಲಿ ಬಳ್ಳಿಯನ್ನು ಸೊಂಟದೆತ್ತರದಲ್ಲಿ ಒಮ್ಮೆ, ಬುಡದಲ್ಲಿ ಒಮ್ಮೆ ಕತ್ತರಿಸಿ. ಮೇಲೆ ನೇತಾಡುವುದನ್ನು ಎಳೆಯಬೇಡಿ, ಕೊಂಬೆ ಮುರಿಯುತ್ತದೆ, ಅಲ್ಲೇ ಒಣಗಲಿ. ಕೆಳಗೆ ಬಿದ್ದದ್ದನ್ನು ಸುರುಳಿ ಸುತ್ತಿ ಟಾರ್ಪಾಲಿನ ಮೇಲೆ ಬಿಸಿಲಿಗೆ ಹಾಕಿ. ಹಳ್ಳಕ್ಕೆ ಎಸೆದರೆ ಕೆಳಗಿನ ತೋಟಕ್ಕೆ ಕಳಿಸಿದಂತೆ.

ಈಗ ಮೂರು-ನಾಲ್ಕು ವಾರ ಕಾಯಬೇಕು. ಗ್ಲೈಫೋಸೇಟ್ ಎಂಬ ಕಳೆನಾಶಕ ಎಲೆಯ ಮೂಲಕ ಒಳಹೊಕ್ಕು, ಎಲೆ ತಯಾರಿಸಿದ ಸಕ್ಕರೆಯ ಜೊತೆ ಬೇರಿಗೆ ಇಳಿಯುತ್ತದೆ. ಎಲೆಯಿಲ್ಲದ ಬುಡಕ್ಕೆ ಸಿಂಪಡಿಸಿದರೆ ವ್ಯರ್ಥ. ಚಿಗುರು ಒಂದು ಅಡಿ ಬೆಳೆದು ಎಲೆ ಬಲಿತಾಗ, ಹೂ ಬಿಡುವ ಮೊದಲು ಹೊಡೆಯಬೇಕು. ಬೀಜಕ್ಕೆ ನವಿರಾದ ಕೂದಲಿದೆ, ಗಾಳಿಯಲ್ಲಿ ತೇಲಿಹೋಗುತ್ತದೆ.

ಕಾನೂನನ್ನು ಮರೆಯುವಂತಿಲ್ಲ. ಗ್ಲೈಫೋಸೇಟ್‌ಗೆ ಅನುಮತಿ ಇರುವುದು ಚಹಾ ತೋಟ ಮತ್ತು ಬೆಳೆಯಿಲ್ಲದ ಜಾಗಕ್ಕೆ. 2022ರ ಅಕ್ಟೋಬರ್‌ನ ಕೇಂದ್ರದ ಆದೇಶದಂತೆ ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರೇ (ಪೆಸ್ಟ್ ಕಂಟ್ರೋಲ್ ಆಪರೇಟರ್) ಸಿಂಪಡಿಸಬೇಕು. ಆದ್ದರಿಂದ ಬೇಲಿ, ರಸ್ತೆಯಂಚು, ಪಾಳುನೆಲಕ್ಕೆ ಅವರನ್ನು ಕರೆಸಿ. ಕಾಫಿ, ಅಡಿಕೆ ಸಾಲಿನೊಳಗೆ ಬೇರುಸಹಿತ ಕೈಯಲ್ಲಿ ಕೀಳುವುದೇ ದಾರಿ. ಹಳ್ಳ, ಕೆರೆಯ ದಡಕ್ಕೂ ಅಷ್ಟೇ.

ಶೇ 41ರ ದ್ರಾವಣವಾದರೆ ಹೆಕ್ಟೇರಿಗೆ 2ರಿಂದ 3 ಲೀಟರ್, ನೀರು ಸುಮಾರು 450 ಲೀಟರ್. 15 ಲೀಟರಿನ ಕ್ಯಾನಿಗೆ 70ರಿಂದ 100 ಮಿಲಿ ಆಯಿತು. ಹೆಚ್ಚು ಸುರಿದರೆ ಹೆಚ್ಚು ಸಾಯುತ್ತದೆ ಎಂಬುದು ಸುಳ್ಳು. ಎಲೆ ಬೇಗ ಸುಟ್ಟರೆ ಔಷಧಿ ಬೇರು ತಲುಪುವ ಮೊದಲೇ ದಾರಿ ಕಡಿದುಹೋಗುತ್ತದೆ. ನೀರು ತಿಳಿಯಾಗಿರಲೇಬೇಕು. ಕೆಸರು ನೀರಿನ ಜೇಡಿಗೆ ಅಂಟಿಕೊಂಡು ಗ್ಲೈಫೋಸೇಟ್ ಕೆಲಸ ಮಾಡುವುದನ್ನೇ ಬಿಡುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಕ್ಯಾನಿಗೆ 300 ಗ್ರಾಂ ಅಮೋನಿಯಂ ಸಲ್ಫೇಟ್ ಮೊದಲು ಕರಗಿಸಿ, ಬಳಿಕ ಔಷಧಿ ಬೆರೆಸಬೇಕು.

ಇಬ್ಬನಿ ಆರಿದ ಮೇಲೆ, ಗಾಳಿ ಇಲ್ಲದಾಗ, ಮುಂದಿನ ಆರು ಗಂಟೆ ಮಳೆ ಬಾರದ ದಿನ ನೋಡಿ. ನಾಜಲ್‌ಗೆ ಹನಿ ಹಾರದಂತೆ ಸುತ್ತ ಪ್ಲಾಸ್ಟಿಕ್ ಮುಚ್ಚಳ ಹಾಕಿ ಮೊಣಕಾಲಿನಿಂದ ಕೆಳಗೇ ಹಿಡಿಯಬೇಕು. ಎಲೆ ಒದ್ದೆಯಾಗಲಿ, ತೊಟ್ಟಿಕ್ಕದಿರಲಿ. ಎಳೆ ಅಡಿಕೆ ಗಿಡದ ಹಸಿರು ಕಾಂಡಕ್ಕೆ ಹನಿ ತಾಗಿದರೂ ಗಿಡ ಹೀರಿಕೊಳ್ಳುತ್ತದೆ. ಕೈಗವಸು, ಬೂಟು, ಕನ್ನಡಕ ಇಲ್ಲದವರನ್ನು ಕೆಲಸಕ್ಕೆ ಇಳಿಸಬೇಡಿ.

ಎಲೆ ಹಳದಿಯಾಗಲು ವಾರ, ಹತ್ತು ದಿನ ಬೇಕು. ಕೆಲಸವಾಗಲಿಲ್ಲವೆಂದು ಮಧ್ಯೆ ಕತ್ತಿ ಹಾಕಬೇಡಿ; ಮೂರು ವಾರ ಮುಟ್ಟಬಾರದು. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ಎರಡೇ ದಿನದಲ್ಲಿ ಒಣಗಿಸುತ್ತದೆಂದು ಮರುಳಾಗಬೇಡಿ. ಅದು ಬೇರಿಗೆ ಇಳಿಯುವುದಿಲ್ಲ, ಬಳ್ಳಿ ಮತ್ತೆ ಚಿಗುರುತ್ತದೆ. ಮನುಷ್ಯನ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತ್ಯೌಷಧವೂ ಇಲ್ಲ.

ಆರು ವಾರದ ಬಳಿಕ ಒಂದು ಸುತ್ತು ಹಾಕಿ, ಉಳಿದ ಬುಡಗಳಿಗಷ್ಟೇ ಮತ್ತೆ ಸಿಂಪಡಣೆ. ಮುಂದಿನ ಮುಂಗಾರಿನಲ್ಲಿ ಬೀಜದಿಂದ ಏಳುವ ಸಸಿಗಳಿಗೆ ಔಷಧಿ ಬೇಡ. ಎರಡು ಬೆರಳಲ್ಲಿ ಹಿಡಿದರೆ ಬೇರುಸಮೇತ ಬರುತ್ತವೆ.