ಸಿಗರೇಟಿನ ತೆರಿಗೆ ಏರಿಕೆ ಕೆಲಸ ಮಾಡುತ್ತದೋ ಇಲ್ಲವೋ: ಲೆಕ್ಕ ಹಾಕುವ ಬಗೆ

ತೆರಿಗೆ ಶೇ 10 ಏರಿತೆಂದರೆ ಬೆಲೆಯೂ ಶೇ 10 ಏರಿತೆಂದು ಬಜೆಟ್ ದಿನ ಅನೇಕರು ತಿಳಿಯುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ.

ಮೊದಲು ಎಂಆರ್‌ಪಿಯಲ್ಲಿ ತೆರಿಗೆಯ ಪಾಲೆಷ್ಟು ನೋಡಿ. ಹತ್ತು ಸಿಗರೇಟಿನ ಪ್ಯಾಕಿಗೆ 100 ರೂಪಾಯಿ, ಅದರಲ್ಲಿ 50 ತೆರಿಗೆ ಎಂದಿಟ್ಟುಕೊಳ್ಳಿ. ತೆರಿಗೆ ಶೇ 10 ಏರಿದರೆ ಪ್ಯಾಕಿನ ಮೇಲೆ ಬೀಳುವುದು 5 ರೂಪಾಯಿ, ಅಂದರೆ ಬೆಲೆಯ ಶೇ 5 ಮಾತ್ರ. ನಮ್ಮಂಥ ದೇಶಗಳಲ್ಲಿ ಬೆಲೆ ಶೇ 10 ಏರಿದರೆ ಸೇದುವುದು ಸುಮಾರು ಶೇ 5 ಇಳಿಯುತ್ತದೆ; ಈ ಏರಿಕೆಗೆ ಸಿಗುವ ಇಳಿತ ಶೇ 2.5. ಅದೇ ವರ್ಷ ಕೂಲಿ, ಸಂಬಳ ಶೇ 6 ಏರಿದ್ದರೆ ಅಷ್ಟೂ ಸಿಗದು. ಸೇದುವವರ ಜೇಬಿಗೆ ಸಿಗರೇಟು ಹೋದ ವರ್ಷಕ್ಕಿಂತ ಅಗ್ಗವೇ. ಬೆಲೆಯಲ್ಲಿ ತೆರಿಗೆಯ ಪಾಲು ಕನಿಷ್ಠ ಶೇ 75 ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆಮೇಲೆ ಸೋರಿಕೆ ಹುಡುಕಿ. ಭಾರತದಲ್ಲಿ ಸಾವಿರ ಸಿಗರೇಟಿಗೆ ಇಂತಿಷ್ಟೆಂಬ ತೆರಿಗೆ ಉದ್ದದ ಮೇಲೆ ನಿಲ್ಲುತ್ತದೆ. 2012ರಲ್ಲಿ 65 ಮಿ.ಮೀ. ಒಳಗಿನ ಫಿಲ್ಟರ್ ಸಿಗರೇಟಿಗೆ ಕಡಿಮೆ ದರದ ಹಂತ ಬಂತು. ಹಿಂದೆಯೇ 64 ಮಿ.ಮೀ. ಸಿಗರೇಟು ಅಂಗಡಿಗೆ ಬಂತು. 2017ರ ಜಿಎಸ್‌ಟಿಯಲ್ಲಿ ಸಿಗರೇಟಿಗೆ ಸೆಸ್ ಎಂಬ ಹೆಚ್ಚುವರಿ ತೆರಿಗೆ ಬಿತ್ತು, ಬೀಡಿಗೆ ಬೀಳಲಿಲ್ಲ. ಹೀಗೆ ಅಗ್ಗದ್ದೊಂದು ಕೈಗೆ ಸಿಗುವಂತಿದ್ದರೆ ಜನ ಬಿಡುವುದಿಲ್ಲ, ಬದಲಿಸುತ್ತಾರೆ. ಬಡವರ ಶ್ವಾಸಕೋಶಕ್ಕೆ ಇದರಿಂದ ಒಳಿತೇನೂ ಇಲ್ಲ.

ಫಿಲಿಪ್ಪೀನ್ಸ್ ತನ್ನಲ್ಲಿದ್ದ ಇಂಥ ಹಂತಗಳನ್ನೇ ತೆಗೆದುಹಾಕಿತು. ಅಗ್ಗದ ಪ್ಯಾಕಿನ ಮೇಲೆ 2012ರಲ್ಲಿ 2.72 ಪೆಸೊ ಇದ್ದ ತೆರಿಗೆ 2013ರಲ್ಲಿ 12 ಆಯಿತು, ವರ್ಷವರ್ಷ ಏರಿ 2017ಕ್ಕೆ ಅಗ್ಗದ್ದು, ದುಬಾರಿಯದು ಎರಡಕ್ಕೂ 30 ಪೆಸೊ. ಅಲ್ಲಿಂದ ಮುಂದೆ ವರ್ಷಕ್ಕೆ ಶೇ 4 ತಾನಾಗಿ ಏರಬೇಕೆಂದೂ ಕಾನೂನಿನಲ್ಲೇ ಬರೆದರು. ತಂಬಾಕು ಬಳಸುವ ವಯಸ್ಕರು 2009ರಲ್ಲಿ ಶೇ 29.7 ಇದ್ದವರು 2015ಕ್ಕೆ ಶೇ 23.8ಕ್ಕೆ ಇಳಿದರು.

ಕೊನೆಗೆ ಬೀಡಾ ಅಂಗಡಿಗೆ ಹೋಗಿ. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರುವಂತಿಲ್ಲ. ಆದರೂ ಹಗ್ಗಕ್ಕೆ ಲೈಟರ್ ಕಟ್ಟಿದ್ದರೆ ಬಿಡಿ ಮಾರಾಟ ನಡೆದಿದೆ ಎಂದೇ ತಿಳಿಯಿರಿ. ಅಲ್ಲಿ ಪ್ಯಾಕಿನ ಎಂಆರ್‌ಪಿ ಯಾರೂ ನೋಡುವುದಿಲ್ಲ, ಒಂದರ ಬೆಲೆ ಒಂದೆರಡು ರೂಪಾಯಿ ಏರಿದ್ದು ಅರಿವಿಗೆ ಬರುವುದೂ ಇಲ್ಲ. ತೆರಿಗೆ ಏರಿದ ವಾರ ಹಳೆ ಸ್ಟಾಕ್ ಇರುತ್ತದೆ, ಆ ದರ ನಂಬಬೇಡಿ. ಮೂರು ತಿಂಗಳ ನಂತರ ಒಂದೇ ಬ್ರ್ಯಾಂಡಿನ ಪ್ಯಾಕು, ಬಿಡಿ ಸಿಗರೇಟು, ಬೀಡಿ ಕಟ್ಟು ಮೂರರ ದರವನ್ನೂ ಬರೆದು, ಏರಿಕೆಗೆ ಮುಂಚಿನ ದರದ ಪಕ್ಕದಲ್ಲಿಟ್ಟು ನೋಡಿ.